ಗ್ಯಾರಿ ಗೈಗ್ಯಾಕ್ಸ್: ಜಗತ್ತಿಗೆ ಪಾತ್ರ ಹಂಚಿದ ವಿಮಾ ನೌಕರ

ಆಟ ಆರಂಭವಾಗುವ ಮುನ್ನವೇ ಪ್ರತಿಯೊಬ್ಬ ಆಟಗಾರನೂ ಒಂದು ಪ್ರಶ್ನೆಗೆ ಉತ್ತರ ಕೊಡಬೇಕು. ಕತ್ತಿ ಹಿಡಿದ ಯೋಧನಾಗಬೇಕೆ, ಮಂತ್ರ ಬಲ್ಲ ಮಾಂತ್ರಿಕನಾಗಬೇಕೆ, ಗಾಯ ಮಾಯಿಸುವ ಪುರೋಹಿತನಾಗಬೇಕೆ, ಬೀಗ ತೆರೆಯುವ ಕಳ್ಳನಾಗಬೇಕೆ? ಕಾಗದ, ಪೆನ್ಸಿಲ್ ಮತ್ತು ದಾಳಗಳನ್ನು ಮುಂದಿಟ್ಟುಕೊಂಡು ಮೇಜಿನ ಸುತ್ತ ಕುಳಿತು ಆಡುವ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಆಟ ಅರ್ಧ ಶತಮಾನದಿಂದ ಜಗತ್ತನ್ನು ಕೇಳುತ್ತ ಬಂದಿರುವ ಪ್ರಶ್ನೆ ಇದು. ಇಂಗ್ಲಿಷಿನಲ್ಲಿ ‘ಕ್ಲಾಸ್’ ಎಂದು ಕರೆಸಿಕೊಳ್ಳುವ ಈ ಪಾತ್ರವರ್ಗಗಳು ಮೇಜನ್ನು ದಾಟಿ ಕಂಪ್ಯೂಟರ್ ಮತ್ತು ಮೊಬೈಲ್ ಆಟಗಳಿಗೂ ಹರಡಿವೆ. 2016ರಲ್ಲಿ ಆರಂಭವಾದ ‘ಸ್ಟ್ರೇಂಜರ್ ಥಿಂಗ್ಸ್’ ಧಾರಾವಾಹಿಯನ್ನು ನೋಡಿದವರಿಗೆ, ಮನೆಯ ನೆಲಮಾಳಿಗೆಯಲ್ಲಿ ಕುಳಿತು ದಾಳ ಉರುಳಿಸುವ ನಾಲ್ವರು ಬಾಲಕರು ನೆನಪಿರಬಹುದು. ಅವರು ಆಡುತ್ತಿದ್ದುದು ಇದೇ ಆಟವನ್ನು.

ಆ ಪ್ರಶ್ನೆಗೆ ಗ್ರಂಥರೂಪ ಕೊಟ್ಟವರು ಅರ್ನೆಸ್ಟ್ ಗ್ಯಾರಿ ಗೈಗ್ಯಾಕ್ಸ್. ಶಾಲೆಯನ್ನು ಅರ್ಧಕ್ಕೇ ಬಿಟ್ಟವರು, ನೌಕರಿ ಕಳೆದುಕೊಂಡವರು, ಪಾದರಕ್ಷೆ ರಿಪೇರಿ ಮಾಡಿ ಸಂಸಾರ ತೂಗಿಸಿದವರು. ಲಕ್ಷಾಂತರ ಜನರಿಗೆ ಪಾತ್ರಗಳನ್ನು ಹಂಚಿದ ಈ ವ್ಯಕ್ತಿ ಮುಂದೊಂದು ದಿನ ತಾವೇ ಆಡಿ ಬೆಳೆಸಿದ ಪಾತ್ರದ ಮೇಲಿನ ಹಕ್ಕನ್ನೂ ಬಿಟ್ಟುಕೊಡಬೇಕಾಯಿತು.

ಪಿಟೀಲು ವಾದಕನ ಮಗ

ಗೈಗ್ಯಾಕ್ಸ್ ಹುಟ್ಟಿದ್ದು 1938ರ ಜುಲೈ 27ರಂದು, ಶಿಕಾಗೋ ನಗರದಲ್ಲಿ. ತಂದೆ ಸ್ವಿಟ್ಜರ್ಲೆಂಡಿನಿಂದ ಬಂದು ನೆಲೆಸಿದವರು. ಶಿಕಾಗೋ ಸಿಂಫನಿ ವಾದ್ಯವೃಂದದಲ್ಲಿ ಪಿಟೀಲು ನುಡಿಸುತ್ತಿದ್ದ ಅವರು ಮುಂದೆ ಉಡುಪುಗಳ ಮಾರಾಟವನ್ನು ಜೀವನೋಪಾಯ ಮಾಡಿಕೊಂಡರು. ಮಗನಿಗೆ ಅವರಿಂದ ದೊರೆತ ದೊಡ್ಡ ಆಸ್ತಿ ಎಂದರೆ ಮಲಗುವ ಮುನ್ನ ಕೇಳಿದ ಮಾಂತ್ರಿಕರ ಕಥೆಗಳು. 1946ರಲ್ಲಿ ಕುಟುಂಬವು ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಪುಟ್ಟ ಊರಿಗೆ ಬಂದು ನೆಲೆಸಿತು. ಅದು ತಾಯಿಯ ತವರೂರು. ಮುಂದೆ ಗೈಗ್ಯಾಕ್ಸ್ ಬದುಕಿನ ಬಹುಪಾಲು ಕಳೆದದ್ದೂ, ಕೊನೆಯುಸಿರೆಳೆದದ್ದೂ ಅಲ್ಲಿಯೇ.

ಬಾಲ್ಯದಲ್ಲೇ ಚದುರಂಗ ಕಲಿತ ಹುಡುಗನನ್ನು ಶಾಲೆಯ ಪಾಠಕ್ಕಿಂತ ಅಗ್ಗದ ಕಾಗದದಲ್ಲಿ ಅಚ್ಚಾಗುತ್ತಿದ್ದ ಅದ್ಭುತ ಕಥೆಗಳ ಪತ್ರಿಕೆಗಳು ಹೆಚ್ಚು ಸೆಳೆದವು. ರಾಬರ್ಟ್ ಇ. ಹೋವರ್ಡ್ ಸೃಷ್ಟಿಸಿದ ಕೋನನ್, ಫ್ರಿಟ್ಜ್ ಲೈಬರ್ ಅವರ ಜೋಡಿ ಸಾಹಸಿಗಳು, ಜಾಕ್ ವ್ಯಾನ್ಸ್ ಚಿತ್ರಿಸಿದ ಮುದಿ ಭೂಮಿಯ ಮಾಂತ್ರಿಕರು ಅವರ ಮನಸ್ಸಿನಲ್ಲಿ ಮನೆ ಮಾಡಿದರು. ಪ್ರೌಢಶಾಲೆಯನ್ನು ಪೂರ್ಣಗೊಳಿಸದೆ ನೌಕಾಪಡೆಯ ಮರೀನ್ ದಳ ಸೇರಿದ ಅವರು ಅನಾರೋಗ್ಯದಿಂದಾಗಿ ಕೆಲಕಾಲದಲ್ಲೇ ಮರಳಿದರು. 1958ರಲ್ಲಿ ವಿವಾಹವಾಯಿತು. ಆ ದಾಂಪತ್ಯದಲ್ಲಿ ಐವರು ಮಕ್ಕಳು ಜನಿಸಿದರು.

1960ರ ದಶಕದಲ್ಲಿ ಅವರ ಹೊಟ್ಟೆಪಾಡು ಶಿಕಾಗೋದ ವಿಮಾ ಕಂಪನಿಯೊಂದರಲ್ಲಿ ನಡೆಯುತ್ತಿತ್ತು. ಯಾವ ಗಿರಾಕಿಯ ಅಪಾಯ ಎಷ್ಟು, ಅದಕ್ಕೆ ತಕ್ಕ ಕಂತು ಎಷ್ಟು ಎಂದು ಅಳೆದು ತೂಗುವುದು ಅವರ ಕೆಲಸ. ಹಗಲು ಸಂಭವನೀಯತೆಯ ಲೆಕ್ಕ, ಬಿಡುವಿನಲ್ಲಿ ಯುದ್ಧದಾಟಗಳ ಹುಚ್ಚು. ಸೀಸದ ಸೈನಿಕರನ್ನು ಮೇಜಿನ ಮೇಲೆ ಹೂಡಿ, ದಾಳ ಉರುಳಿಸಿ ಹಳೆಯ ಕದನಗಳನ್ನು ಮತ್ತೆ ಕಾದುವ ಹವ್ಯಾಸಿಗಳ ಬಳಗ ಅಮೆರಿಕದಾದ್ಯಂತ ಹಬ್ಬಿತ್ತು. 1968ರಲ್ಲಿ ಗೈಗ್ಯಾಕ್ಸ್ 50 ಡಾಲರ್ ಬಾಡಿಗೆ ತೆತ್ತು ಲೇಕ್ ಜಿನೀವಾದ ತೋಟಗಾರಿಕೆ ಸಭಾಂಗಣದಲ್ಲಿ ಇಂಥ ಹವ್ಯಾಸಿಗಳ ಸಮಾವೇಶವೊಂದನ್ನು ಏರ್ಪಡಿಸಿದರು. ‘ಜೆನ್ ಕಾನ್’ ಎಂಬ ಹೆಸರಿನ ಆ ಸಮಾವೇಶ ಇಂದಿಗೂ ವರ್ಷವರ್ಷವೂ ನಡೆಯುತ್ತಿದೆ. 1969ರ ಸಮಾವೇಶದಲ್ಲಿ ಅವರಿಗೆ ಮಿನ್ನೆಸೋಟಾದ ತರುಣ ಡೇವ್ ಆರ್ನೆಸನ್ ಅವರ ಪರಿಚಯವಾಯಿತು.

ನೌಕರಿ ಹೋದ ಮೇಲೆ

1970ರಲ್ಲಿ ವಿಮಾ ಕಂಪನಿಯ ನೌಕರಿ ಹೋಯಿತು. ಮನೆ ತುಂಬ ಮಕ್ಕಳು, ಕೈಯಲ್ಲಿ ಪದವಿಯಿಲ್ಲ. ಗೈಗ್ಯಾಕ್ಸ್ ಮನೆಯ ನೆಲಮಾಳಿಗೆಯಲ್ಲಿ ಪಾದರಕ್ಷೆ ರಿಪೇರಿ ಮಾಡತೊಡಗಿದರು. ಆದಾಯ ಕುಸಿಯಿತು, ಆದರೆ ಸಮಯ ದೊರೆಯಿತು. ಆ ಸಮಯವನ್ನೆಲ್ಲ ಅವರು ಆಟದ ನಿಯಮಗಳಿಗೆ ಸುರಿದರು.

1971ರಲ್ಲಿ ಜೆಫ್ ಪೆರೆನ್ ಜೊತೆಗೂಡಿ ಹೊರತಂದ ‘ಚೈನ್‌ಮೇಲ್’ ಮಧ್ಯಯುಗದ ಯುದ್ಧಗಳ ನಿಯಮಪುಸ್ತಕ. ಅದರ ಕೊನೆಯಲ್ಲಿ ಗೈಗ್ಯಾಕ್ಸ್ ಅದ್ಭುತಲೋಕದ ಭಾಗವೊಂದನ್ನು ಸೇರಿಸಿದ್ದರು. ಅಲ್ಲಿ ನಾಲ್ವರು ಸೈನಿಕರಿಗೆ ಸಮನಾದ ವೀರನಿದ್ದ, ಎಂಟು ಮಂದಿಗೆ ಸಮನಾದ ಮಹಾವೀರನಿದ್ದ, ಕವಣೆಯಂತ್ರದಂತೆ ಬೆಂಕಿಯುಂಡೆ ಎಸೆಯುವ ಮಾಂತ್ರಿಕನಿದ್ದ. ಪಾತ್ರವರ್ಗಗಳ ಬೀಜ ಇಲ್ಲಿದೆ. ಆದರೆ ಇವರಿನ್ನೂ ಸೇನೆಯ ತುಕಡಿಗಳೇ ಹೊರತು ವ್ಯಕ್ತಿಗಳಲ್ಲ. ಅವರಿಗೆ ಹೆಸರಿರಲಿಲ್ಲ, ನಾಳೆ ಎಂಬುದಿರಲಿಲ್ಲ.

ಆ ನಾಳೆಯನ್ನು ಕೊಟ್ಟವರು ಆರ್ನೆಸನ್. ‘ಬ್ಲ್ಯಾಕ್‌ಮೂರ್’ ಎಂಬ ಕಲ್ಪಿತ ನಾಡಿನಲ್ಲಿ ಅವರು ನಡೆಸುತ್ತಿದ್ದ ಆಟದಲ್ಲಿ ಒಬ್ಬ ಆಟಗಾರನಿಗೆ ಒಂದೇ ಪಾತ್ರ. ಆ ಪಾತ್ರ ಒಂದು ವಾರದಿಂದ ಮತ್ತೊಂದು ವಾರಕ್ಕೆ ಬದುಕಿ ಉಳಿಯುತ್ತಿತ್ತು, ಅನುಭವ ಗಳಿಸಿ ಬಲಿಯುತ್ತಿತ್ತು. 1972ರ ಕೊನೆಯಲ್ಲಿ ಆರ್ನೆಸನ್ ಲೇಕ್ ಜಿನೀವಾಕ್ಕೆ ಬಂದು ಈ ಆಟವನ್ನು ಆಡಿಸಿ ತೋರಿಸಿದರು. ಗೈಗ್ಯಾಕ್ಸ್ ಮಾರುಹೋದರು. ಮೊದಲು 50 ಪುಟ, ಬಳಿಕ 150 ಪುಟಗಳ ಕರಡು ಅವರ ಕೈಯಿಂದ ಹೊರಬಂತು. ತಾವೇ ಕಲ್ಪಿಸಿದ ‘ಗ್ರೇಹಾಕ್’ ಕೋಟೆಯ ನೆಲಮಾಳಿಗೆಗೆ ಮೊದಲು ಇಳಿಸಿದ್ದು ಮನೆಯ ಮಕ್ಕಳನ್ನೇ. ಮಗ ಅರ್ನಿಯ ಪಾತ್ರ ಟೆನ್ಸರ್ ಎಂಬ ಮಾಂತ್ರಿಕ, ಮಗಳು ಎಲೀಸಳ ಪಾತ್ರ ಅಹ್ಲಿಸ್ಸಾ ಎಂಬ ಪುರೋಹಿತೆ.

ಪ್ರಕಟಣೆಗೆ ದೊಡ್ಡ ಸಂಸ್ಥೆ ಮುಂದೆ ಬರಲಿಲ್ಲ. 1973ರಲ್ಲಿ ಗೈಗ್ಯಾಕ್ಸ್ ಮತ್ತು ಬಾಲ್ಯದ ಗೆಳೆಯ ಡಾನ್ ಕೇ ಸೇರಿ ‘ಟ್ಯಾಕ್ಟಿಕಲ್ ಸ್ಟಡೀಸ್ ರೂಲ್ಸ್’ (ಟಿಎಸ್‌ಆರ್) ಎಂಬ ಪುಟ್ಟ ಸಂಸ್ಥೆ ಕಟ್ಟಿದರು. ಕೇ ತಮ್ಮ ಜೀವವಿಮೆಯ ಮೇಲೆ ಸಾಲ ತೆಗೆದು ಬಂಡವಾಳ ಹೂಡಿದರು. ಬ್ರಯಾನ್ ಬ್ಲೂಮ್ ಎಂಬ ಮೂರನೆಯ ಪಾಲುದಾರ ಹಣದೊಂದಿಗೆ ಬಂದ ಮೇಲೆ ಮುದ್ರಣ ಸಾಧ್ಯವಾಯಿತು. 1974ರಲ್ಲಿ ಗೈಗ್ಯಾಕ್ಸ್ ಮತ್ತು ಆರ್ನೆಸನ್ ಇಬ್ಬರ ಹೆಸರು ಹೊತ್ತು ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಹೊರಬಂತು. ಒಂದು ಪೆಟ್ಟಿಗೆ, ಮೂರು ಕಿರುಹೊತ್ತಿಗೆ, 10 ಡಾಲರ್ ಬೆಲೆ, 1,000 ಪ್ರತಿ. ಮರುವರ್ಷದ ಜನವರಿಯಲ್ಲಿ ಕೇ ಹೃದಯಾಘಾತದಿಂದ ತೀರಿಕೊಂಡರು. ಅವರಿಗಾಗ ಕೇವಲ 36 ವರ್ಷ. ಗೆಳೆಯನ ಪಾಲನ್ನು ಕೊಳ್ಳುವಷ್ಟು ಹಣ ಗೈಗ್ಯಾಕ್ಸ್ ಬಳಿ ಇರಲಿಲ್ಲ. ಸಂಸ್ಥೆಯ ಬಹುಪಾಲು ಬ್ಲೂಮ್ ಕುಟುಂಬದ ಕೈ ಸೇರಿತು. ಆ ದಿನದ ಬಡತನಕ್ಕೆ ಅವರು ಹತ್ತು ವರ್ಷಗಳ ಬಳಿಕ ಬೆಲೆ ತೆರಬೇಕಾಯಿತು.

ಹಲವು ಊರುಗಳ ಪಾತ್ರಗಳು

1974ರ ಪೆಟ್ಟಿಗೆಯಲ್ಲಿದ್ದ ಪಾತ್ರವರ್ಗಗಳು ಮೂರೇ: ಯೋಧ, ಮಾಂತ್ರಿಕ, ಪುರೋಹಿತ. ಯೋಧನಿಗೆ ಹೋವರ್ಡ್ ಮತ್ತು ಎಡ್ಗರ್ ರೈಸ್ ಬರೋಸ್ ಕಥೆಗಳ ಕಟ್ಟುಮಸ್ತಾದ ಸಾಹಸಿಗಳೇ ಮಾದರಿ. ಆರಂಭಿಕರಿಗೆ ಸುಲಭವಾದ ಪಾತ್ರ ಇದು. ಕತ್ತಿ, ಗುರಾಣಿ, ಧೈರ್ಯ ಇಷ್ಟಿದ್ದರೆ ಸಾಕು.

ಮಾಂತ್ರಿಕನದು ತದ್ವಿರುದ್ಧ ಸ್ವಭಾವ. ಜಾಕ್ ವ್ಯಾನ್ಸ್ ಅವರ ‘ದ ಡೈಯಿಂಗ್ ಅರ್ತ್’ (1950) ಕೃತಿಯಲ್ಲಿ ಮಂತ್ರಗಳು ಮನಸ್ಸಿನಲ್ಲಿ ಭಾರವಾಗಿ ಕುಳಿತಿರುತ್ತವೆ. ಒಮ್ಮೆ ಉಚ್ಚರಿಸಿದೊಡನೆ ನೆನಪಿನಿಂದ ಅಳಿಸಿಹೋಗುತ್ತವೆ, ಮತ್ತೆ ಓದಿ ಕಲಿಯಬೇಕು. ಗೈಗ್ಯಾಕ್ಸ್ ಈ ಕಲ್ಪನೆಯನ್ನೇ ನಿಯಮವಾಗಿಸಿದರು. ಮೊದಲ ಮೆಟ್ಟಿಲಿನ ಮಾಂತ್ರಿಕನಿಗೆ ದಿನಕ್ಕೊಂದೇ ಮಂತ್ರ. ಅದು ಮುಗಿದರೆ ಆತ ಬರಿಗೈ ದಾಸ. ಆದರೆ ಹಲವು ತಿಂಗಳ ಆಟದಲ್ಲಿ ಬದುಕಿ ಉಳಿದರೆ ಆತನೆದುರು ಸೈನ್ಯವೇ ನಿಲ್ಲದು. ಆರಂಭದ ಸುರಕ್ಷತೆ ಬೇಕೆ, ಕೊನೆಯ ವೈಭವ ಬೇಕೆ ಎಂಬ ಆಯ್ಕೆಯ ಹಿಂದೆ ಅಪಾಯಕ್ಕೆ ಬೆಲೆ ಕಟ್ಟಬಲ್ಲ ಹಳೆಯ ವಿಮಾ ನೌಕರನ ಬುದ್ಧಿ ಕಾಣುತ್ತದೆ.

ಪುರೋಹಿತನ ಹುಟ್ಟು ಇನ್ನೂ ಸ್ವಾರಸ್ಯಕರ. ಆರ್ನೆಸನ್ ಅವರ ಬ್ಲ್ಯಾಕ್‌ಮೂರ್ ಆಟದಲ್ಲಿ ಒಬ್ಬ ಆಟಗಾರ ರಕ್ತ ಹೀರುವ ಪಿಶಾಚಿಯ ಪಾತ್ರ ವಹಿಸಿ ಎಲ್ಲರನ್ನೂ ಮೀರಿ ಬೆಳೆದುಬಿಟ್ಟ. ಅವನನ್ನು ಹತ್ತಿಕ್ಕಲು ಬ್ರಿಟಿಷ್ ಭಯಾನಕ ಚಲನಚಿತ್ರಗಳ ಪಿಶಾಚಿ ಬೇಟೆಗಾರನ ಮಾದರಿಯಲ್ಲಿ ಹೊಸ ಪಾತ್ರವೊಂದನ್ನು ಸೃಷ್ಟಿಸಬೇಕಾಯಿತು. ಅದಕ್ಕೆ ಮಧ್ಯಯುಗದ ಯುರೋಪಿನ ಕಾದಾಡುವ ಬಿಷಪ್‌ಗಳ ಛಾಯೆಯೂ ಸೇರಿತು. ರಕ್ತ ಹರಿಸಬಾರದೆಂದು ಅವರು ಕತ್ತಿಯ ಬದಲು ಗದೆ ಹಿಡಿಯುತ್ತಿದ್ದರೆಂಬ ಐತಿಹ್ಯವು ಆಟದಲ್ಲಿ ಕಟ್ಟುನಿಟ್ಟಿನ ನಿಯಮವಾಯಿತು. ಗಾಯ ಮಾಯಿಸುವ ಈ ಪಾತ್ರವನ್ನು ಆರಿಸಿಕೊಳ್ಳುವವರು ಕಡಿಮೆ, ಆದರೆ ಅದಿಲ್ಲದೆ ತಂಡ ಉಳಿಯದು.

ನಾಲ್ಕನೆಯ ಪಾತ್ರ ಬಂದದ್ದು ದೂರದ ಕ್ಯಾಲಿಫೋರ್ನಿಯಾದಿಂದ. ಸಾಂಟಾ ಮೋನಿಕಾದ ‘ಏರೋ ಹಾಬೀಸ್’ ಅಂಗಡಿಯಲ್ಲಿ ಕಲೆಯುತ್ತಿದ್ದ ಆಟಗಾರರು ಬೀಗ ತೆರೆಯುವ, ಬಲೆ ಬಿಡಿಸುವ, ನೆರಳಲ್ಲಿ ಅಡಗುವ ಕಳ್ಳನೊಬ್ಬನನ್ನು ರೂಪಿಸಿಕೊಂಡಿದ್ದರು. 1974ರಲ್ಲಿ ದೂರವಾಣಿಯ ಮೂಲಕ ಈ ವಿಷಯ ತಿಳಿದ ಗೈಗ್ಯಾಕ್ಸ್ ತಮ್ಮದೇ ನಿಯಮಗಳನ್ನು ಬರೆದು, ಆ ಸುಳಿವು ಎಲ್ಲಿಂದ ಬಂತೆಂಬುದನ್ನೂ ತಿಳಿಸಿ ಕಿರುಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಕಳ್ಳನ ಪ್ರತಿಯೊಂದು ಕೌಶಲಕ್ಕೂ ಶೇಕಡಾವಾರು ಲೆಕ್ಕ ನಿಗದಿಯಾಯಿತು. 1975ರ ‘ಗ್ರೇಹಾಕ್’ ಪುರವಣಿಯಲ್ಲಿ ಕಳ್ಳನೂ, ಅವನ ಜೊತೆಗೆ ಧರ್ಮನಿಷ್ಠ ವೀರನಾದ ‘ಪ್ಯಾಲಡಿನ್’ ಕೂಡ ಸ್ಥಾನ ಪಡೆದರು. ಪ್ಯಾಲಡಿನ್ ಹಿಂದೆ ಚಕ್ರವರ್ತಿ ಶಾರ್ಲೆಮೇನನ ವೀರರ ಕಥೆಗಳೂ ಪೋಲ್ ಆಂಡರ್ಸನ್ ಅವರ ಕಾದಂಬರಿಯೂ ಇವೆ.

ಬಳಿಕ ಬಾಗಿಲು ತೆರೆದಂತಾಯಿತು. ಅದೇ ವರ್ಷ ‘ಬ್ಲ್ಯಾಕ್‌ಮೂರ್’ ಪುರವಣಿಯಲ್ಲಿ ಬರಿಗೈಯಲ್ಲಿ ಕಾದುವ ‘ಮಾಂಕ್’ ಮತ್ತು ಗುಪ್ತಹಂತಕ ಬಂದರು. ಟಿಎಸ್‌ಆರ್‌ನ ಪತ್ರಿಕೆಗೆ ಓದುಗರು ಕಳುಹಿಸಿದ ಬರಹಗಳಿಂದ ಕಾಡು ಕಾಯುವ ‘ರೇಂಜರ್’, ಕಣ್ಕಟ್ಟಿನ ಮಾಂತ್ರಿಕ, ಹಾಡುತ್ತ ತಿರುಗುವ ‘ಬಾರ್ಡ್’ ಸೇರಿಕೊಂಡರು. 1976ರಲ್ಲಿ ಪ್ರಕೃತಿಯ ಆರಾಧಕನಾದ ‘ಡ್ರೂಯಿಡ್’ ಬಂದ. ಇವುಗಳಲ್ಲಿ ಹೆಚ್ಚಿನವು ಗೈಗ್ಯಾಕ್ಸ್ ಕಲ್ಪನೆಯಿಂದ ಹುಟ್ಟಿದವಲ್ಲ. ಹಲವು ಊರುಗಳ ಹವ್ಯಾಸಿಗಳು ಕಳುಹಿಸಿದ್ದನ್ನು ಆಯ್ದು, ತಿದ್ದಿ, ಒಂದೇ ತಕ್ಕಡಿಗೆ ಹಾಕಿ ತೂಗಿದ್ದು ಅವರ ಸಾಧನೆ.

ನಿಯಮಕರ್ತನ ಹೆಮ್ಮೆ ಮತ್ತು ಹಟ

1977ರಿಂದ 1979ರವರೆಗೆ ಮೂರು ದಪ್ಪ ಸಂಪುಟಗಳಲ್ಲಿ ಬಂದ ‘ಅಡ್ವಾನ್ಸ್ಡ್ ಡಂಜನ್ಸ್ ಅಂಡ್ ಡ್ರಾಗನ್ಸ್’ ಈ ತೂಗುವಿಕೆಯ ಪರಮಾವಧಿ. ಅದರಲ್ಲಿ ಪಾತ್ರವರ್ಗಗಳು ಬರೀ ಶಕ್ತಿಗಳ ಪಟ್ಟಿಯಲ್ಲ, ಒಂದೊಂದೂ ಒಂದು ಬದುಕಿನ ವ್ರತ. ಪ್ಯಾಲಡಿನ್ ತಿಳಿದೂ ತಿಳಿದೂ ಒಂದು ಕೆಡುಕು ಎಸಗಿದರೆ ಆ ಪದವಿ ಶಾಶ್ವತವಾಗಿ ಹೋಯಿತು. ಮಾಯಾವಸ್ತುಗಳನ್ನು ಹತ್ತಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಮೂವರಿಗಿಂತ ಹೆಚ್ಚು ರೇಂಜರ್‌ಗಳು ಒಟ್ಟಿಗೆ ತಿರುಗುವಂತಿಲ್ಲ. ಡ್ರೂಯಿಡ್, ಮಾಂಕ್ ಪಂಥಗಳಲ್ಲಿ ಮೇಲಿನ ಪೀಠಗಳು ಕೆಲವೇ. ಪೀಠದಲ್ಲಿರುವವನನ್ನು ಕಾದಾಟದಲ್ಲಿ ಸೋಲಿಸಿದರಷ್ಟೇ ಮೇಲೇರಲು ಸಾಧ್ಯ. ಬಾರ್ಡ್ ಆಗಬಯಸುವವನು ಮೊದಲು ಯೋಧನಾಗಿ, ಬಳಿಕ ಕಳ್ಳನಾಗಿ ಬಾಳಿ ಆಮೇಲೆ ಹಾಡಲು ತೊಡಗಬೇಕಿತ್ತು.

ಈ ಸಂಪುಟಗಳಲ್ಲಿ ನಮ್ಮವರಿಗೆ ಪರಿಚಿತನಾದ ರಾಕ್ಷಸನೂ ಇದ್ದಾನೆ. 1977ರ ‘ಮಾನ್‌ಸ್ಟರ್ ಮ್ಯಾನ್ಯುಯಲ್’ ಚಿತ್ರದಲ್ಲಿ ಆತನಿಗೆ ಹುಲಿಯ ತಲೆ, ಕೈಯಲ್ಲಿ ಹೊಗೆಕೊಳವೆ. ಪುರಾಣದ ರಾಕ್ಷಸನಿಗೂ ಈತನಿಗೂ ಉಳಿದಿರುವ ನಂಟು ಅಷ್ಟಕ್ಕಷ್ಟೆ.

ಸಂಪುಟಗಳಲ್ಲಿ ದೋಷಗಳೂ ಇದ್ದವು. 1978ರ ‘ಪ್ಲೇಯರ್ಸ್ ಹ್ಯಾಂಡ್‌ಬುಕ್’ ಸ್ತ್ರೀಪಾತ್ರಗಳ ದೈಹಿಕ ಬಲಕ್ಕೆ ಪುರುಷರಿಗಿಂತ ಕಡಿಮೆ ಮಿತಿ ಹಾಕಿತು. ಬೆಂಕಿಯುಗುಳುವ ಡ್ರಾಗನ್ ಇರಬಹುದಾದ ಲೋಕದಲ್ಲಿ ಪುರುಷನಷ್ಟೇ ಬಲಶಾಲಿಯಾದ ಸ್ತ್ರೀ ಯೋಧೆ ಇರುವಂತಿರಲಿಲ್ಲ. ತಮ್ಮ ಆಟದ ಮೊದಲ ಇಬ್ಬರು ಆಟಗಾರರಲ್ಲಿ ಒಬ್ಬಳು ಸ್ವಂತ ಮಗಳೇ ಆಗಿದ್ದರೂ ಗೈಗ್ಯಾಕ್ಸ್ ಈ ನಿಯಮ ಬರೆದರು. 1989ರ ಎರಡನೆಯ ಆವೃತ್ತಿಯಲ್ಲಿ ಆ ಮಿತಿ ಉಳಿಯಲಿಲ್ಲ.

ಇನ್ನೊಂದು ವಿವಾದ ಕೃತಿಸ್ವಾಮ್ಯದ್ದು. ‘ಅಡ್ವಾನ್ಸ್ಡ್’ ಸಂಪುಟಗಳ ಮೇಲೆ ಲೇಖಕನೆಂದು ಇದ್ದುದು ಗೈಗ್ಯಾಕ್ಸ್ ಹೆಸರೊಂದೇ. ಇದು ಬೇರೆಯದೇ ಆಟ, ಆದ್ದರಿಂದ ಆರ್ನೆಸನ್‌ಗೆ ಗೌರವಧನ ಸಲ್ಲದು ಎಂಬುದು ಸಂಸ್ಥೆಯ ನಿಲುವು. 1979ರಲ್ಲಿ ಆರ್ನೆಸನ್ ನ್ಯಾಯಾಲಯದ ಮೆಟ್ಟಿಲೇರಿದರು. 1981ರಲ್ಲಿ ರಾಜಿಯಾಗಿ ಅವರ ಪಾಲು ಅವರಿಗೆ ದೊರೆಯಿತು. ಕ್ಯಾಲಿಫೋರ್ನಿಯಾದ ಅಂಗಡಿಯ ಋಣವನ್ನು ಅಂದೇ ಒಪ್ಪಿಕೊಂಡಿದ್ದ ಗೈಗ್ಯಾಕ್ಸ್, ಆಟದ ತಳಹದಿಯನ್ನೇ ಒದಗಿಸಿದ ಗೆಳೆಯನ ವಿಷಯದಲ್ಲಿ ಅಷ್ಟು ಉದಾರಿಯಾಗಲಿಲ್ಲ.

ಮಂತ್ರಗಳಿಗೆ ಹೆಸರಿಡುವಾಗ ಮಾತ್ರ ಅವರು ಮನೆಯವರನ್ನೂ ಗೆಳೆಯರನ್ನೂ ಮರೆಯಲಿಲ್ಲ. ಅರ್ನಿಯ ಟೆನ್ಸರ್ ಹೆಸರಿನಲ್ಲಿ ಸಾಮಾನು ಹೊರುವ ತೇಲುವ ತಟ್ಟೆಯ ಮಂತ್ರವಿದೆ. ಕಿರಿಯ ಮಗ ಲ್ಯೂಕ್ ತನ್ನ ಪಾತ್ರಕ್ಕೆ ಹೆಸರು ಹುಡುಕುವಾಗ, ಪಾತ್ರದ ಹಾಳೆಯ ಮೇಲೆ ಪುರುಷ ಎಂಬುದಕ್ಕೆ ‘ಎಂ’ ಅಕ್ಷರವೂ ಅದರ ಪಕ್ಕ ‘ಎಲ್ಫ್’ ಎಂಬ ಕುಲನಾಮವೂ ಕಂಡು ‘ಮೆಲ್ಫ್’ ಆಯಿತು. ಆ ಹೆಸರಿನ ಆಮ್ಲಬಾಣದ ಮಂತ್ರ ಇಂದಿಗೂ ಆಟದಲ್ಲಿದೆ. ಗೈಗ್ಯಾಕ್ಸ್ ತಾವೇ ಆಡುತ್ತಿದ್ದ ಪಾತ್ರಗಳಲ್ಲಿ ಎರಡು ಮುಖ್ಯ. ಒಂದು, ‘ಗ್ಯಾರಿ’ಯ ಇಂಗ್ಲಿಷ್ ಅಕ್ಷರಗಳನ್ನು ತಿರುವುಮುರುವಾಗಿಸಿ ಪಡೆದ ‘ಯ್ರಾಗ್’ ಎಂಬ ಯೋಧ. ಇನ್ನೊಂದು, 1973ರಿಂದ ಆಡಿ ಬೆಳೆಸಿದ ‘ಮಾರ್ಡೆನ್‌ಕೈನೆನ್’ ಎಂಬ ಮಹಾಮಾಂತ್ರಿಕ.

ಏಳು, ಬೀಳು

1980ರ ದಶಕದ ಆರಂಭದಲ್ಲಿ ಆಟ ಅಮೆರಿಕದ ಮನೆಮಾತಾಯಿತು. ಅದರೊಂದಿಗೆ ಅಪವಾದವೂ ಬೆನ್ನಿಗೆ ಬಿತ್ತು. ಆಟ ಮಕ್ಕಳನ್ನು ವಾಮಾಚಾರಕ್ಕೂ ಆತ್ಮಹತ್ಯೆಗೂ ದೂಡುತ್ತದೆಂಬ ಕೂಗೆದ್ದಿತು. 1985ರಲ್ಲಿ ‘60 ಮಿನಿಟ್ಸ್’ ಎಂಬ ಹೆಸರಾಂತ ಟಿ.ವಿ. ಕಾರ್ಯಕ್ರಮದಲ್ಲಿ ಗೈಗ್ಯಾಕ್ಸ್ ಆ ಆರೋಪಕ್ಕೆ ಉತ್ತರಿಸಬೇಕಾಯಿತು.

ಅಷ್ಟರಲ್ಲಿ ಅವರು ಸಂಸ್ಥೆಯ ಮನರಂಜನಾ ವಿಭಾಗದ ಹೊಣೆ ಹೊತ್ತು ಹಾಲಿವುಡ್ ಸೇರಿದ್ದರು. 1983ರಿಂದ 1985ರವರೆಗೆ ಪ್ರಸಾರವಾದ ಕಾರ್ಟೂನ್ ಸರಣಿಯಲ್ಲಿ, ಜಾತ್ರೆಯ ಆಟದ ಬಂಡಿ ಹತ್ತಿ ಮಾಯಾಲೋಕಕ್ಕೆ ಬಿದ್ದ ಆರು ಮಕ್ಕಳಿಗೆ ಒಂದೊಂದು ಪಾತ್ರವರ್ಗ ದೊರೆಯುತ್ತದೆ: ರೇಂಜರ್, ಅಶ್ವವೀರ, ಮಾಂತ್ರಿಕ, ಕಳ್ಳಿ, ಲಾಗಪಟು, ಬರ್ಬರ. ನಿಯಮಪುಸ್ತಕ ಮುಟ್ಟದ ಮಕ್ಕಳಿಗೂ ಈ ಪಾತ್ರಗಳು ಪರಿಚಿತವಾದವು.

ಆದರೆ ಲೇಕ್ ಜಿನೀವಾದಲ್ಲಿ ಸಂಸ್ಥೆ ಸುಮಾರು 15 ಲಕ್ಷ ಡಾಲರ್ ಸಾಲದಲ್ಲಿ ಮುಳುಗಿತ್ತು. ಮರಳಿ ಬಂದ ಗೈಗ್ಯಾಕ್ಸ್ ಆಡಳಿತ ಹಿಡಿದು, ಅಶ್ವವೀರ, ಬರ್ಬರ ಮತ್ತು ಲಾಗಪಟು ಕಳ್ಳ ಎಂಬ ಹೊಸ ಪಾತ್ರಗಳನ್ನೊಳಗೊಂಡ ‘ಅನ್‌ಅರ್ತ್ಡ್ ಆರ್ಕಾನಾ’ ಪುಸ್ತಕವನ್ನು 1985ರಲ್ಲಿ ಹೊರತಂದರು. ವಿದೂಷಕ, ಅನುಭಾವಿ, ಪಂಡಿತ, ಠಕ್ಕ ಮೊದಲಾದ ಇನ್ನಷ್ಟು ಪಾತ್ರಗಳ ಯೋಜನೆ ಅವರ ಮನಸ್ಸಿನಲ್ಲಿತ್ತು. ಅವು ಅವರ ಕೈಯಿಂದ ಟಿಎಸ್‌ಆರ್‌ಗೆ ಬರಲೇ ಇಲ್ಲ. ಅದೇ ವರ್ಷ ಬ್ಲೂಮ್ ಸಹೋದರರು ತಮ್ಮ ಷೇರುಗಳನ್ನು ಲೊರೇನ್ ವಿಲಿಯಮ್ಸ್ ಅವರಿಗೆ ಮಾರಿದರು. ಗೈಗ್ಯಾಕ್ಸ್ ಅಧ್ಯಕ್ಷಸ್ಥಾನ ಕಳೆದುಕೊಂಡರು, ನ್ಯಾಯಾಲಯದಲ್ಲೂ ಸೋತರು, 1986ರಲ್ಲಿ ತಾವು ಕಟ್ಟಿದ ಸಂಸ್ಥೆಯಿಂದ ಹೊರನಡೆದರು.

ಬೇರ್ಪಡುವಾಗ ಪಾತ್ರಗಳ ಪಾಲುಪಟ್ಟಿ ನಡೆಯಿತು. ‘ಗಾರ್ಡ್’ ಎಂಬ ತಮ್ಮ ಕಾದಂಬರಿಗಳ ಕಳ್ಳನಾಯಕ ಹಾಗೂ ತಮ್ಮ ಹೆಸರಿನ ಅಕ್ಷರಗಳನ್ನೇ ತಿರುಚಿ ಮಾಡಿದ ಪಾತ್ರಗಳು ಗೈಗ್ಯಾಕ್ಸ್‌ಗೆ ಉಳಿದವು. ಗ್ರೇಹಾಕ್ ಲೋಕದ ಇನ್ನುಳಿದವರೆಲ್ಲ ಸಂಸ್ಥೆಯ ಸೊತ್ತಾದರು. ಯೋಧ ಯ್ರಾಗ್ ಅವರ ಪಾಲಿಗೆ ಬಂದ. ಮಾಂತ್ರಿಕ ಮಾರ್ಡೆನ್‌ಕೈನೆನ್ ಹೋದ. ಮಗನ ಟೆನ್ಸರ್ ಕೂಡ ಹೋದ.

ಉಳಿದ ದಿನಗಳು, ಉಳಿದ ಪಾತ್ರಗಳು

ಆಮೇಲೆ ಅವರು ಸುಮ್ಮನೆ ಕೂರಲಿಲ್ಲ. 1992ರಲ್ಲಿ ‘ಡೇಂಜರಸ್ ಜರ್ನೀಸ್’ ಎಂಬ ಹೊಸ ಆಟ ತಂದಾಗ ಟಿಎಸ್‌ಆರ್ ಮೊಕದ್ದಮೆ ಹೂಡಿತು. 1994ರ ರಾಜಿಯಲ್ಲಿ ಆ ಆಟವೂ ಟಿಎಸ್‌ಆರ್ ವಶವಾಯಿತು. 1999ರಲ್ಲಿ ‘ಲೆಜೆಂಡರಿ ಅಡ್ವೆಂಚರ್’ ಬಂತು. ಇವು ಯಾವುವೂ ಮೊದಲ ಆಟದಂತೆ ಬೇರುಬಿಡಲಿಲ್ಲ. ‘ಗ್ರೇಹಾಕ್’ ಹೆಸರನ್ನು ಬಳಸುವಂತಿಲ್ಲದ ಕಾರಣ, ತಮ್ಮ ಹಳೆಯ ಕೋಟೆಯನ್ನು 2005ರಿಂದ ‘ಕ್ಯಾಸಲ್ ಝಾಗಿಗ್’ ಎಂಬ ಹೆಸರಿನಲ್ಲಿ ಪ್ರಕಟಿಸತೊಡಗಿದರು. ಝಾಗಿಗ್ ಎಂಬುದೂ ಅವರ ಕುಲನಾಮದ ಅಕ್ಷರಗಳ ಆಟವೇ.

1997ರಲ್ಲಿ ಟಿಎಸ್‌ಆರ್ ಅನ್ನು ‘ವಿಜರ್ಡ್ಸ್ ಆಫ್ ದ ಕೋಸ್ಟ್’ ಸಂಸ್ಥೆ ಕೊಂಡಿತು. ಹೊಸ ಒಡೆಯರು ಹಳೆಯ ಜಗಳ ಬಗೆಹರಿಸಿಕೊಂಡರು. ಗೈಗ್ಯಾಕ್ಸ್ ಮತ್ತೆ ‘ಡ್ರಾಗನ್’ ಪತ್ರಿಕೆಗೆ ಅಂಕಣ ಬರೆದರು. ಎರಡನೆಯ ಆವೃತ್ತಿಯ ಮೂಲ ಪುಸ್ತಕದಿಂದ ಹೊರಬಿದ್ದಿದ್ದ ಮಾಂಕ್ 2000ದ ಮೂರನೆಯ ಆವೃತ್ತಿಯಲ್ಲಿ ಮರಳಿದ. ಬರ್ಬರನಿಗೂ ಸ್ಥಾನ ಸಿಕ್ಕಿತು.

2004ರಲ್ಲಿ ಪಾರ್ಶ್ವವಾಯು ಬಡಿದ ಬಳಿಕ ಅವರ ಆರೋಗ್ಯ ಕುಂದಿತು. ಆದರೂ ಲೇಕ್ ಜಿನೀವಾದ ಮನೆಯಲ್ಲಿ ದಾಳ ಉರುಳಿಸುವುದನ್ನು ಬಿಡಲಿಲ್ಲ. 2008ರ ಮಾರ್ಚ್ 4ರಂದು, ತಮ್ಮ 69ನೆಯ ವಯಸ್ಸಿನಲ್ಲಿ, ಅದೇ ಮನೆಯಲ್ಲಿ ತೀರಿಕೊಂಡರು. ಮರುವರ್ಷದ ಏಪ್ರಿಲ್‌ನಲ್ಲಿ ಆರ್ನೆಸನ್ ಕೂಡ ಅಗಲಿದರು.

ಅವರು ಬಿಟ್ಟುಹೋದ ಪಾತ್ರಗಳು ಮಾತ್ರ ಬೆಳೆಯುತ್ತಲೇ ಇವೆ. 1987ರ ಜಪಾನಿನ ‘ಫೈನಲ್ ಫ್ಯಾಂಟಸಿ’ ಆಟ ಆರಂಭವಾಗುವುದೇ ಯೋಧ, ಕಳ್ಳ, ಮಾಂತ್ರಿಕರ ಆಯ್ಕೆಯಿಂದ. ಆಟಕ್ಕೆ 50 ವರ್ಷ ತುಂಬಿದ 2024ರಲ್ಲಿ ಹೊರಬಂದ ಹೊಸ ‘ಪ್ಲೇಯರ್ಸ್ ಹ್ಯಾಂಡ್‌ಬುಕ್’ನಲ್ಲಿ 12 ಪಾತ್ರವರ್ಗಗಳಿವೆ. ಅವುಗಳಲ್ಲಿ ಬಹುತೇಕ ಎಲ್ಲದರ ಬೇರು ಗೈಗ್ಯಾಕ್ಸ್ ಕಾಲದ ಪುಸ್ತಕಗಳಲ್ಲಿದೆ. ಮಾರ್ಡೆನ್‌ಕೈನೆನ್ ಹೆಸರನ್ನೇ ಶೀರ್ಷಿಕೆಯಲ್ಲಿಟ್ಟುಕೊಂಡು 2018ರಲ್ಲೂ 2022ರಲ್ಲೂ ಪುಸ್ತಕಗಳು ಬಂದು ಮಾರಾಟವಾದವು.

2017ರಲ್ಲಿ, ಅಂತರ್ಜಾಲದಲ್ಲಿ ಆಟಗಾರರು ಸೃಷ್ಟಿಸಿಕೊಂಡ ಪಾತ್ರಗಳ ಅಂಕಿಅಂಶಗಳನ್ನು ಸುದ್ದಿತಾಣವೊಂದು ಪರಿಶೀಲಿಸಿತು. ಅಷ್ಟೊಂದು ಕುಲಗಳು, ಅಷ್ಟೊಂದು ಮಂತ್ರವಿದ್ಯೆಗಳು ಕೈಗೆಟಕುವಂತಿದ್ದರೂ ಅತಿ ಹೆಚ್ಚು ಮಂದಿ ಆರಿಸಿಕೊಂಡಿದ್ದು ಮನುಷ್ಯಕುಲದ ಯೋಧನನ್ನು. ಮಾಂತ್ರಿಕನನ್ನು ಕಳೆದುಕೊಂಡ ಗೈಗ್ಯಾಕ್ಸ್ ಪಾಲಿಗೆ ಉಳಿದ ಯ್ರಾಗ್ ಕೂಡ ಯೋಧನೇ.